ಆಭಾರಿ ಸಾಹೇಬ

ಕನ್ನಡಿಯ ಮುಂದೆ ನಿಂತು ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತ ವಾಮನ ಖೋಬ್ರೇಕರ ಯಾರಿಗೂ ಧನ್ಯವಾದ ಹೇಳದೆ ಮಾತು ಶುರುಮಾಡುವುದನ್ನು ಅಭ್ಯಾಸ ಮಾಡುತ್ತಿದ್ದ. "ಮಾನ್ಯ ಸಭಾಧ್ಯಕ್ಷರೇ" ಎಂದ. ಅಲ್ಲಿಯವರೆಗೆ ಸರಿ. ಅದಾದ ಮೇಲೆ ನೆಟ್ಟಗೆ "ತೊಂಡೋಳಿ" ಎನ್ನಬೇಕು. ಆದರೆ ದಿನಾ ಒಂದೇ ದಾರಿ ನಡೆದ ಎತ್ತು ಮೂಗುದಾರ ಎಳೆದರೂ ಅದೇ ತಿರುವಿಗೆ ಹೊರಳುವಂತೆ ಅವನ ನಾಲಗೆ ತಾನಾಗಿ ಹೊರಳಿ, "ನನ್ನಂಥ ಚಿಕ್ಕ ಕಾರ್ಯಕರ್ತನಿಗೆ ಮಾತಾಡಲು ಅವಕಾಶ ಕೊಟ್ಟಿದ್ದಕ್ಕಾಗಿ ತಮಗೆ ಹೃತ್ಪೂರ್ವಕ..." ಎಂದಿತು. ಅವನು ರೇಜರು ಕೆಳಗಿಟ್ಟ. ಕನ್ನಡಿಯಲ್ಲಿದ್ದ ನೊರೆ ಮೆತ್ತಿದ ಮುಖ ತನ್ನದಲ್ಲ, ತನ್ನನ್ನು ನೋಡಲು ಊರಿಂದ ಬಂದು ಕೂತ ಯಾರದೋ ಎಂಬಂತೆ ಅದನ್ನು ಗದರಿಸಿದ. "ತೊಂಡೋಳಿ ಅನ್ನು. ಮೊದಲು ತೊಂಡೋಳಿ ಅನ್ನು." ಮುಖ ತಲೆಯಾಡಿಸಿತು. ಸದನದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕೂತು ಅದಕ್ಕೆ ಎಲ್ಲದಕ್ಕೂ ತಲೆಯಾಡಿಸುವ ಚಟ ಹತ್ತಿಬಿಟ್ಟಿತ್ತು.

ತಪ್ಪು ಆಗಿದ್ದು ಕಳೆದ ಅಧಿವೇಶನದಲ್ಲಿ. ಪ್ರಶ್ನೆಗಳ ಹೊತ್ತು ಮುಗಿದ ಮೇಲೆ ಸದಸ್ಯರು ಚೀಟಿ ಎತ್ತಿಸಿಕೊಂಡು ತಮ್ಮೂರಿನ ಗೋಳು ಹೇಳಿಕೊಳ್ಳುವ ಶೂನ್ಯ ವೇಳೆ ಅಂತ ಒಂದಿದೆ. ಹೆಸರಿಗೆ ತಕ್ಕಂತೆ ಅಲ್ಲಿ ಹೇಳಿದ್ದಕ್ಕೆ ಮಂತ್ರಿಗಳು ಉತ್ತರ ಕೊಡಲೇಬೇಕು ಅಂತಿಲ್ಲ, ಆದರೆ ಟೀವಿಯಲ್ಲಿ ಬರುತ್ತದೆ. ಗೆದ್ದು ಬಂದ ಮೇಲೆ ಮೊದಲ ಸಲ ಅವನ ಚೀಟಿ ಎದ್ದಿತ್ತು. ತೊಂಡೋಳಿಯ ಬಂದರುಕೇರಿಯಲ್ಲಿ ಗಣಪತಿ ಪೆಂಡಾಲಿನ ಸಿನಿಮಾ ಪರದೆ ಕಟ್ಟಿ, ಮೀನುಗಾರ ಹೆಂಗಸರೆಲ್ಲ ಬುಟ್ಟಿ ಮಗುಚಿ ಹಾಕಿಕೊಂಡು ಅದರ ಮೇಲೆ ಕೂತು, ತಮ್ಮ ವಾಮ್ಯಾ ದಿಲ್ಲಿಯನ್ನು ಅಲುಗಾಡಿಸುವುದನ್ನು ನೋಡಲು ಕಾದಿದ್ದರು. ಅವನು ಎದ್ದ. ಆಳುವ ಪಕ್ಷದವರು ಏಳುವ ರೀತಿಯಲ್ಲೇ ಎದ್ದ. ಸಭಾಧ್ಯಕ್ಷರಿಗೆ ವಂದಿಸಿದ, ಪ್ರಧಾನಮಂತ್ರಿಗಳಿಗೆ ವಂದಿಸಿದ, ರೈಲ್ವೆ ಮಂತ್ರಿಗಳ ದೂರದೃಷ್ಟಿಗೆ, ಪಕ್ಷದ ಅಧ್ಯಕ್ಷರ ಆಶೀರ್ವಾದಕ್ಕೆ, ರಾಜ್ಯದ ನಾಯಕರ ಮಾರ್ಗದರ್ಶನಕ್ಕೆ, ಅವರಲ್ಲಿ ಒಬ್ಬರ ಹೆಸರು ಬಿಟ್ಟುಹೋಯಿತೆಂದು ಮತ್ತೆ ಹಿಂದೆ ಹೋಗಿ ಅವರಿಗೂ. ಬಳಿಕ ಎದೆ ತುಂಬ ಉಸಿರೆಳೆದು "ತೊಂ" ಎಂದ. ಮೈಕಿನ ಕೆಂಪು ದೀಪ ಆರಿತು. ಸಭಾಧ್ಯಕ್ಷರು ಮುಂದಿನವರ ಹೆಸರು ಕರೆದರು. ಬಂದರುಕೇರಿಯವರು ನೋಡಿದ್ದು ಅಷ್ಟೇ: ಅವರ ಎಂ.ಪಿ. ಬಾಯಿ ತೆರೆದುಕೊಂಡು ನಿಂತಿದ್ದಾನೆ, ನೀರಿನಿಂದ ಮೇಲೆ ತೆಗೆದ ಬಂಗುಡೆಯ ಹಾಗೆ, ಸದ್ದಿಲ್ಲ. ಮರುದಿನದಿಂದ ಅವನು ಊರಿಗೆ 'ಆಭಾರಿ ಸಾಹೇಬ'. ಮೀನು ಕೊಂಡವರು ಚಿಲ್ಲರೆ ಮರಳಿ ಪಡೆಯುವಾಗ ಕೈ ಮುಗಿದು, "ಪ್ರಧಾನಮಂತ್ರಿಗಳಿಗೂ ಆಭಾರಿ, ಪಕ್ಷದ ಅಧ್ಯಕ್ಷರಿಗೂ ಆಭಾರಿ, ತೊಂ..." ಅನ್ನುವುದು ಕಸಬೆಯ ಪೇಟೆಯವರೆಗೂ ಹಬ್ಬಿತ್ತು. ಹೆಂಗಸರು ನಗುತ್ತಿದ್ದರು, ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೋನು ಬಂತು. ದ್ವಾರಕಾ ಆತ್ಯಾ, ಅಪ್ಪನ ಅಕ್ಕ. ಬಂದರುಕೇರಿಯ ಮೀನು ಹೆಂಗಸರಿಗೆಲ್ಲ ಹಿರಿಯಳು. ದಿಲ್ಲಿಗೆ ಫೋನು ಮಾಡುವಾಗ ದೂರ ಜಾಸ್ತಿ ಅಂತ ದನಿಯೂ ಜಾಸ್ತಿ ಮಾಡುವವಳು.

"ಏನಲೇ ವಾಮ್ಯಾ, ಎದ್ದೀಯೋ, ಇನ್ನೂ ಹಾಸಿಗ್ಯಾಗ ಬಿದ್ದೀಯೋ?"

"ಎದ್ದೀನಿ ಆತ್ಯಾ. ಇವತ್ತ ನನ್ನ ಪಾಳಿ ಬಂದದ."

"ಪಾಳಿ ಬಂದಿದ್ದು ಗೊತ್ತಾತು. ಬಾಯಿ ಬರ್ತದೇನು ಅಂತ ಕೇಳಾಕ ಮಾಡೀನಿ."

"ಬರ್ತದ. ಈ ಸಲ ಯಾರ ಹೆಸರೂ ಹೇಳಂಗಿಲ್ಲ. ಸೀದಾ ನಮ್ಮ ಗಾಡೀ ಮಾತು."

"ನಾರಳೀ ಪುನವಿ ಬಂತು ನೋಡಪಾ. ಸಮುದ್ರಕ್ಕ ತೆಂಗಿನಕಾಯಿ ಬಿಟ್ಟಮ್ಯಾಲೆ ದೋಣಿ ಹೊಂಡ್ತಾವ, ಮೀನು ಬರ್ತಾವ. ಗಾಡಿ ನಿಲ್ಲಲಿಲ್ಲಂದ್ರ ಆ ಮೀನು ತಗೊಂಡು ನಿನ್ನ ದಿಲ್ಲಿ ಮನೀ ಬಾಗಿಲಾಗ ಕುಂಡ್ರತೀವಿ. ಆಜೂಬಾಜೂದವರು ಮೂಗು ಮುಚ್ಚಿಕೊಂಡು ನಿನಗ ಆಭಾರಿ ಅಂತಾರ." ಹಿಂದೆ ಹತ್ತು ಹೆಂಗಸರು ನಕ್ಕ ಸದ್ದು ಕೇಳಿತು. ಫೋನು ಇಟ್ಟ ಮೇಲೂ ಆ ನಗು ಬಚ್ಚಲಲ್ಲಿ ತಿರುಗುತ್ತಿತ್ತು.

ವಿಷಯ ದೊಡ್ಡದೇನಲ್ಲ. ಬೆಳಗಿನ ಪ್ಯಾಸೆಂಜರ್ ಗಾಡಿ ತೊಂಡೋಳಿಯಲ್ಲಿ ನಿಲ್ಲುತ್ತಿತ್ತು, ಈಗ ನಿಲ್ಲುವುದಿಲ್ಲ. ಗಾಡಿಗಳ ವೇಗ ಹೆಚ್ಚಿಸಬೇಕೆಂದು ಎಲ್ಲೋ ಯಾರೋ ಸಣ್ಣ ನಿಲ್ದಾಣಗಳ ಮೇಲೆ ಗೀಟು ಎಳೆದಿದ್ದರು. ಮುಂಚೆ ಸಮುದ್ರದ ನೀರು ನುಗ್ಗುವ ಖಾರಿಯ ಸೇತುವೆ ಬಂದಾಗ ಡ್ರೈವರು ಉದ್ದಕ್ಕೆ ಸೀಟಿ ಹೊಡೆಯುತ್ತಿದ್ದ, ಆ ಸೀಟಿಗೆ ನಿಲ್ದಾಣದ ಫಲಾಟಿನ ಮೇಲೆ ಹೆಂಗಸರು ಒಬ್ಬರಿಗೊಬ್ಬರು ಕೈಕೊಟ್ಟು ಬುಟ್ಟಿ ತಲೆಗೇರಿಸುತ್ತಿದ್ದರು. ಈಗ ಇವತ್ತಾದರೂ ನಿಂತೀತೆಂದು ಕಾದು, ಗಾಡಿ ದಾಟಿಹೋದ ಮೇಲೆ ಟೆಂಪೋ ಹಿಡಿದು ಘಟ್ಟದ ಸುತ್ತುರಸ್ತೆಯಲ್ಲಿ ಕಸಬೆಗೆ ಹೋಗುವಷ್ಟರಲ್ಲಿ ಐಸು ಕರಗಿ, ಮೀನಿನ ಕಣ್ಣು ಬಿಳಿಚಿ, ಚೌಕಾಸಿ ಮಾಡುವ ಗಿರಾಕಿಗಳು ಮಾತ್ರ ಉಳಿದಿರುತ್ತಾರೆ. ಕಾಲೇಜಿಗೆ ಹೋಗುವಾಗ ವಾಮನನೂ ಅದೇ ಗಾಡಿಗೆ ಹತ್ತುತ್ತಿದ್ದ. ಆತ್ಯಾ ಹಿಂದಿನ ಡಬ್ಬಿ, ಇವನು ಮುಂದಿನ ಡಬ್ಬಿ. ಹಾಗೆ ಯಾರೂ ನಿಯಮ ಮಾಡಿರಲಿಲ್ಲ. ಅಂಗಿಗೆ ಇಸ್ತ್ರಿ ಇತ್ತು, ಅಷ್ಟೇ. ಒಂದು ದಿನವೂ ಆತ್ಯಾ "ಇಲ್ಲಿ ಬಾ" ಅಂದವಳಲ್ಲ. ಅಂದಿದ್ದರೆ ಆಗ ಸಿಟ್ಟು ಬರುತ್ತಿತ್ತು, ಅನ್ನಲಿಲ್ಲವಲ್ಲ ಎಂದು ಈಗ ಬರುತ್ತದೆ. ಈಗಲೂ ಸಭಾಂಗಣದಲ್ಲಿ ತನ್ನ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಾಗ ಅವನಿಗೆ ಒಮ್ಮೊಮ್ಮೆ, ತಾನು ಯಾವುದೋ ತಪ್ಪು ಡಬ್ಬಿಯಲ್ಲಿದ್ದೇನೆ, ಟೀಸಿ ಬಂದು ಇಳಿಸಿಬಿಡುತ್ತಾನೆ ಅನ್ನಿಸುತ್ತದೆ.

"ಇವತ್ತು ಗಲಾಟೆ ಇಲ್ಲ ಭಾಯಿ," ಎಂದರು ಪಕ್ಕದ ಕುರ್ಚಿಯ ಗೋದಾರಾಜೀ. ರಾಜಸ್ಥಾನದ ಮರಳುಸೀಮೆಯವರು, ಮೂರು ಸಲ ಗೆದ್ದು ಮೂರೂ ಸಲ ಇದೇ ಸಾಲಿನಲ್ಲಿ ಕೂತವರು. ಕಣ್ಣು ಮುಚ್ಚಿಕೊಂಡೇ ಎಲ್ಲವನ್ನೂ ನೋಡುವ ವಿದ್ಯೆ ಅವರದು. "ವಿರೋಧ ಪಕ್ಷದವರಿಗೂ ಬೇಜಾರು ಬಂದಿರ್ಬೇಕು. ಕೂಗೋಕೂ ಹೊಟ್ಟೇಲಿ ಏನಾದ್ರೂ ಬೇಕಲ್ಲ. ನಿಮ್ಮ ಪಾಳಿ ಬಂದೇ ಬರುತ್ತೆ ಬಿಡಿ."

"ಬರೋದೇ ಭಯ ಗೋದಾರಾಜೀ."

"ಭಯ ಯಾಕೆ? ನಮ್ಮನ್ನ ಕೇಳೋರು ಯಾರಿದಾರೆ ಇಲ್ಲಿ? ನಾನು ಒಂದು ಸಲ ಹೋದ ವರ್ಷದ ಭಾಷಣನೇ ಮತ್ತೆ ಓದ್ದೆ. ಚಪ್ಪಾಳೆ ಜಾಸ್ತಿ ಬಂತು."

ಒಬ್ಬೊಬ್ಬರೇ ಏಳುತ್ತಿದ್ದರು. ಒಬ್ಬರಿಗೆ ಮೇಲ್ಸೇತುವೆ, ಇನ್ನೊಬ್ಬರಿಗೆ ಕಾಡಾನೆ, ಮತ್ತೊಬ್ಬರಿಗೆ ಅಂಚೆ ಕಚೇರಿ. ಆಳುವ ಪಕ್ಷದವರು ಧನ್ಯವಾದದಿಂದ ಶುರುಮಾಡಿದರೆ ಅವರ ಕಡೆಯವರು ಮೇಜು ಕುಟ್ಟುತ್ತಿದ್ದರು, ವಿರೋಧಿಗಳು ಧಿಕ್ಕಾರದಿಂದ ಶುರುಮಾಡಿದರೆ ಆ ಕಡೆಯವರು. ವಾಮನನ ಕೈಯೂ ಸರಿಯಾದ ಹೊತ್ತಿಗೆ ಮೇಜು ಕುಟ್ಟಿ ಬರುತ್ತಿತ್ತು, ಮನಸ್ಸು ಮಾತ್ರ "ತೊಂಡೋಳಿ, ತೊಂಡೋಳಿ" ಎಂದು ಮಂತ್ರ ಜಪಿಸುತ್ತಿತ್ತು. ಮುಂದಿನ ಸಾಲಿನಲ್ಲಿ ರೈಲ್ವೆ ಮಂತ್ರಿಗಳೇ ಕೂತಿದ್ದರು. ಅವರ ಕತ್ತಿನ ಹಿಂಭಾಗದ ಒಂದು ಚಿಕ್ಕ ಮಚ್ಚೆ ಅವನಿಗೆ ಎರಡು ವರ್ಷದಿಂದ ಪರಿಚಯ, ಮುಖದ ಪರಿಚಯ ಅಷ್ಟಿರಲಿಲ್ಲ. ಟೀವಿಯಲ್ಲಿ ಮುಂದಿನವರು ಮಾತಾಡುವಾಗ ಮೂಲೆಯಲ್ಲಿ ಅವನ ಎಡಗಿವಿ ಬರುತ್ತದಂತೆ. "ನಿನ್ನ ಕಿವಿ ಬಂದಿತ್ತು, ಚೆಂದ ಕಂಡ್ತು" ಎಂದು ಆತ್ಯಾ ಹೇಳಿದ್ದಳು. ಈಗಲೂ ಆ ಕಿವಿ ಬಿಸಿಯಾಯಿತು. ಕಾರಣ, ಸಭಾಧ್ಯಕ್ಷರು ಅವನ ಹೆಸರು ಕರೆದಿದ್ದರು.

ಅವನು ಎದ್ದ. ಕೆಂಪು ದೀಪ ಹೊತ್ತಿತು. "ಮಾನ್ಯ ಸಭಾಧ್ಯಕ್ಷರೇ" ಎಂದ. ನಾಲಗೆ ತಿರುವಿನ ಹತ್ತಿರ ಬಂತು, ಹೊರಳಲು ನೋಡಿತು. ಅವನು ಹಲ್ಲು ಕಚ್ಚಿ ಎಳೆದ. "ತೊಂಡೋಳಿಯಲ್ಲಿ ಬೆಳಗಿನ ಗಾಡಿ ನಿಲ್ಲುವುದಿಲ್ಲ. ಮೊದಲು ನಿಲ್ಲುತ್ತಿತ್ತು. ಅಲ್ಲಿನ ಹೆಂಗಸರು ಮೀನಿನ ಬುಟ್ಟಿ ಹೊತ್ತು ಫಲಾಟಿನ ಮೇಲೆ ನಿಂತಿರುತ್ತಾರೆ, ಗಾಡಿ ಅವರ ಸೀರೆ ಹಾರಿಸಿಕೊಂಡು ಹೋಗುತ್ತದೆ. ಮೀನು ಕೆಡುತ್ತದೆ. ದಯವಿಟ್ಟು ಗಾಡಿ ನಿಲ್ಲಿಸಿ."

ಅಷ್ಟೇ. ಹೇಳಬೇಕಾದ್ದೆಲ್ಲ ಮುಗಿದಿತ್ತು. ದೀಪ ಇನ್ನೂ ಉರಿಯುತ್ತಿತ್ತು. ಇದನ್ನು ಅವನು ಯೋಚಿಸಿರಲೇ ಇಲ್ಲ. ಧನ್ಯವಾದ ತೆಗೆದರೆ ಮಾತು ಇಷ್ಟು ಚಿಕ್ಕದಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು? ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಆ ಸದನದಲ್ಲಿ ಯಾರೂ ಹೊತ್ತಿಗೆ ಮುಂಚೆ ಮುಗಿಸಿದವರಿರಲಿಲ್ಲ. ಹಾಗಾಗಿ ಮಾತು ನಿಂತದ್ದೇ ಮೊಬೈಲು ನೋಡುತ್ತಿದ್ದವರು ತಲೆಯೆತ್ತಿದರು, ತೂಕಡಿಸುತ್ತಿದ್ದವರು ಎಚ್ಚರಾದರು. ಫ್ಯಾನು ನಿಂತರೆ ಎಚ್ಚರಾಗುವುದಿಲ್ಲವೇ, ಹಾಗೆ. ಸಭಾಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, "ಮುಂದುವರಿಸಿ, ನಿಮಗೆ ಸಮಯ ಇದೆ" ಎಂದರು. ಆಗ ಎದುರುಗಡೆಯ ಬೆಂಚಿನಿಂದ ಒಂದು ದಪ್ಪ ದನಿ, "ನಮ್ಮ ಪೆದ್ದವಾಗಿನಲ್ಲೂ ನಿಲ್ಲಲ್ಲ ಸ್ವಾಮೀ!" ಎಂದಿತು.

ಎಲ್ಲರೂ ನಕ್ಕರು. ನಗು ಮುಗಿಯುವ ಮೊದಲೇ ಇನ್ನೊಂದು ಮೂಲೆಯಿಂದ, "ತೆಲ್ಕಿಬಹಾಲ!" ಅದರ ಹಿಂದೆ ಒಬ್ಬ ಹೆಣ್ಣುಮಗಳು ಎದ್ದು ನಿಂತು, "ಮಾಛೀಟೋಲಾ! ಎರಡು ವರ್ಷ ಆಯ್ತು!" ತಮಿಳರೋ ಮಲಯಾಳಿಗಳೋ ಯಾರೋ, "ಅರಂಗೋಡು!" ಎಂದರು. ಘೋಷಣೆ ಕೂಗಿ ಪಳಗಿದ ಗಂಟಲುಗಳು ಯಾರೂ ಕೇಳಿರದ ಊರುಗಳ ಹೆಸರು ಕೂಗತೊಡಗಿದವು. ಪ್ರತಿ ಹೆಸರಿನ ಹಿಂದೆಯೂ ಒಂದು ಫಲಾಟು, ಒಂದು ಬೇವಿನ ಮರವೋ ಅರಳೀಮರವೋ, ನಿಂತು ನೋಡುತ್ತಿರುವ ಒಂದಿಷ್ಟು ಜನ ಇದ್ದಂತೆ ವಾಮನನಿಗೆ ಕಂಡಿತು. ಕೊನೆಗೆ ಅವನ ಪಕ್ಕದಲ್ಲೇ ಮೂರು ಸಲ ಗೆದ್ದರೂ ಬರೆದದ್ದನ್ನು ಓದುವುದು ಬಿಟ್ಟು ಒಮ್ಮೆಯೂ ದನಿಯೆತ್ತದ ಗೋದಾರಾಜೀ ಕಣ್ಣು ತೆರೆದು, ಮೊಣಕಾಲಿಗೆ ಕೈಕೊಟ್ಟು ಎದ್ದು, "ಢಾಣಿಸರ್!" ಎಂದು ಒಂಟೆ ಕರೆಯುವವರಂತೆ ಕೂಗಿದರು. ಕೂತ ಮೇಲೆ ಅವರಿಗೇ ನಾಚಿಕೆಯಾಯಿತು. "ನಮ್ಮ ಹಾಲಿನೋರು," ಎಂದರು ಮೆಲ್ಲಗೆ. "ಕ್ಯಾನು ಇಟ್ಕೊಂಡು ಕಾಯ್ತಿರ್ತಾರೆ. ಹಾಲು ಒಡೆದು ಹೋಗುತ್ತೆ." ಸಭಾಧ್ಯಕ್ಷರು ಸುತ್ತಿಗೆ ಬಡಿದ ಹಾಗೆ ಅಂಗೈ ಬಡಿದು, "ಯಾರ್ಯಾರು ಈ ವಿಷಯಕ್ಕೆ ಸೇರ್ಕೊಳ್ತೀರೋ ಚೀಟಿ ಕಳಿಸಿ, ಹೆಸರು ಸೇರಿಸ್ತೀವಿ" ಎಂದರು. ದೀಪ ಆರಿತು. ಎದುರುಗಡೆಯವರು ಮೇಜು ಕುಟ್ಟುತ್ತಿದ್ದರು, ವಾಮನನಿಗಾಗಿ. ಆಳುವ ಪಕ್ಷದ ಹಿಂದಿನ ಸಾಲಿನವನಿಗೆ ಇದಕ್ಕಿಂತ ದೊಡ್ಡ ಕೇಡು ಬೇರೆ ಇಲ್ಲ.

ಪಡಸಾಲೆಯಲ್ಲಿ ಪಕ್ಷದ ಸಚೇತಕ ನರೋತ್ತಮ ಭಾರ್ಗವ ಕಾದಿದ್ದರು. ಯಾರು ಎಲ್ಲಿ ಕೂರಬೇಕು, ಯಾವಾಗ ಏಳಬೇಕು, ಏನು ಹೇಳಬಾರದು ಎಂದು ನೋಡಿಕೊಳ್ಳುವ ಮನುಷ್ಯ. ಎರಡು ವರ್ಷ ಇವನನ್ನು 'ಖಾನ್ವಲ್ಕರ್‌ಜೀ' ಅನ್ನುತ್ತ ಬಂದವರು. ಇವನೂ ತಿದ್ದಲು ಹೋಗದೆ, ಯಾರಾದರೂ ನಿಜವಾದ ಖಾನ್ವಲ್ಕರ್ ಬಂದರೆ ನೋಡಿಕೊಳ್ಳೋಣ ಎಂದು ಸುಮ್ಮನಿದ್ದ.

"ಖೋಬ್ರೇಕರ್‌ಜೀ," ಎಂದರು ಭಾರ್ಗವ, ಒಂದು ಅಕ್ಷರ ತಪ್ಪದೆ. "ಏನ್ ಮಾಡ್ಬಿಟ್ರಿ ನೀವು?"

"ನಾನೇನೂ ಮಾಡ್ಲಿಲ್ಲ. ನಮ್ಮೂರ ಗಾಡಿ..."

"ಧನ್ಯವಾದ ಎಲ್ಲಿ ಹೋಯ್ತು ನಿಮ್ದು? ಹೋದ ಸಲ ಎಷ್ಟು ಚೆನ್ನಾಗಿ ಮಾತಾಡಿದ್ರಿ! ನಾನು ಹೊಸ ಸದಸ್ಯರಿಗೆ ಅದನ್ನೇ ತೋರಿಸ್ತೀನಿ, ಹೀಗಿರ್ಬೇಕು ಅಂತ." ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಜಾಸ್ತಿ ಇತ್ತು, ಮನೆಯ ಒಳ್ಳೆ ಹುಡುಗ ಕೆಟ್ಟು ಹೋದಾಗ ಆಗುವಂಥದು. "ಮಂತ್ರಿಗಳು ಕರೀತಿದಾರೆ. ಬನ್ನಿ."

ಮಂತ್ರಿಗಳ ಕೋಣೆಯಲ್ಲಿ ಎ.ಸಿ. ತಣ್ಣಗೆ ಗುಂಯ್ಗುಡುತ್ತಿತ್ತು. ಬೈಗುಳಕ್ಕೆ ಮೈ ಸಜ್ಜುಮಾಡಿಕೊಂಡು ಹೋದವನಿಗೆ ಚಹಾ ಬಂತು, ಉಪ್ಪು ಹಾಕಿ ಹುರಿದ ಗೋಡಂಬಿ ಬಂತು. ಗೋಡಂಬಿ ತಮ್ಮ ಕಡೆಯದೇ ಎಂದು ಅವನ ನಾಲಗೆಗೆ ಗೊತ್ತಾಯಿತು, ಆದರೆ ಹೇಳಲಿಲ್ಲ. ಮಂತ್ರಿಗಳು ಮುಂದಿನಿಂದ ನೋಡಿದರೂ ಒಳ್ಳೆಯವರಂತೆಯೇ ಕಂಡರು.

"ಚೆನ್ನಾಗಿ ಹೇಳಿದ್ರಿ," ಎಂದರು. "ಸೀರೆ ಹಾರಿಸ್ಕೊಂಡು ಹೋಗುತ್ತೆ ಅಂದ್ರಲ್ಲ, ನಾನೂ ಒಂದ್ ಗಳಿಗೆ ಸುಮ್ನಾಗ್ಬಿಟ್ಟೆ. ನಿಮ್ಮ ಊರಿಗೆ ಯಾವಾಗ ಬೇಕು?"

"ನಾರಳೀ ಪೂರ್ಣಿಮೆ ಹೊತ್ತಿಗೆ, ಸಾಹೇಬ್ರೆ. ದೋಣಿ ಹೊರಡೋ ಮುಂಚೆ."

"ಆಯ್ತು. ನಿಲ್ಲುತ್ತೆ ಅಂತ ತಿಳ್ಕೊಳ್ಳಿ." ಇಷ್ಟು ಸುಲಭ! ಅವನು ಚಹಾದ ಕಪ್ಪನ್ನು ಬಸಿಯ ಮೇಲೆ ಇಟ್ಟ. ಮಂತ್ರಿಗಳು ಒಂದು ಗೋಡಂಬಿ ತೆಗೆದುಕೊಂಡು ಅದನ್ನೇ ನೋಡುತ್ತ, "ಆದ್ರೆ ಉಳಿದೋರೆಲ್ಲ ಎದ್ದು ಕೂಗಿದ್ರಲ್ಲ," ಎಂದರು. "ಒಂದು ಕೊಟ್ರೆ ನೂರು ಕೇಳ್ತಾರೆ. ಗಾಡಿ ಅಂದ್ಮೇಲೆ ಓಡಬೇಕೋ ಬೇಡ್ವೋ? ನಾಳೆ ನಮ್ಮ ಇಲಾಖೆ ಚರ್ಚೆ ಇದೆ. ಪಕ್ಷದ ಪಾಲಿನ ಹೊತ್ತಲ್ಲಿ ನಿಮಗೂ ಮಾತಾಡೋಕೆ ಕೊಡಿಸ್ತಾರೆ ಭಾರ್ಗವ್‌ಜೀ. ನಿಮ್ಮ ಸಮಸ್ಯೆ ಬಗೆಹರೀತು, ಇನ್ನು ಗಲಾಟೆಗೆ ಕಾರಣ ಇಲ್ಲ, ಅಂತ ಎದ್ದು ನಿಂತು ಹೇಳ್ಬಿಡಿ. ಶುರುಮಾಡಿದೋರೇ ಮುಗಿಸಿದ್ರೆ ಚೆಂದ. ಧನ್ಯವಾದ ಹೇಳೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ವಂತೆ."

ಭಾರ್ಗವ ನಕ್ಕರು. ವಾಮನನೂ ನಕ್ಕ. ಹೊರಗೆ ಬಂದ ಮೇಲೆ ಆ ನಗು ತುಟಿಗೆ ಅಂಟಿಕೊಂಡೇ ಇತ್ತು, ಒರೆಸಿದರೂ ಹೋಗದ ಹಾಗೆ. ತೊಂಡೋಳಿ ಸಿಕ್ಕಿತ್ತು. ತಿಂಗಳುಗಟ್ಟಲೆ ಎದೆಯ ಮೇಲೆ ಕೂತಿದ್ದ ಬುಟ್ಟಿ ಇಳಿದಿತ್ತು. ಹಾಗಿದ್ದರೆ ಇದೇನು ಭಾರ? ಮೊಸಾಯಿಕ್ ನೆಲದ ಮೇಲೆ ತನ್ನ ಬೂಟಿನ ಸದ್ದು ತನ್ನನ್ನೇ ಹಿಂಬಾಲಿಸುತ್ತಿತ್ತು. ಮುಂದಿನ ಡಬ್ಬಿಯಲ್ಲಿ ಸೀಟು ಸಿಕ್ಕಿದೆ, ಕಿಟಕಿ ಪಕ್ಕ, ಫ್ಯಾನಿನ ಕೆಳಗೆ. ಹಿಂದಿನ ಡಬ್ಬಿಯ ಮಂದಿ ಏನೂ ಅನ್ನುವುದಿಲ್ಲ. ಅವರು ಯಾವತ್ತೂ ಏನೂ ಅಂದವರಲ್ಲ.

ಗೋದಾರಾಜೀ ಮೆಟ್ಟಿಲ ಹತ್ತಿರ ನಿಂತಿದ್ದರು. ಇವನನ್ನು ಕಾಯುತ್ತಿಲ್ಲ ಎಂದು ತೋರಿಸಲು ಗೋಡೆಯ ಮೇಲಿನ ಚಿತ್ರವೊಂದನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಂತಿತ್ತು.

"ಏನಂದ್ರು ಭಾಯಿ? ನಮ್ಮ ಢಾಣಿಸರ್ ಮಾತೇನಾದ್ರೂ ಬಂತಾ?"

"ಗೋಡಂಬಿ ಕೊಟ್ರು," ಎಂದ ವಾಮನ.

ಗೋದಾರಾಜೀ ಅವನ ಮುಖ ನೋಡಿದರು. ಮೂರು ಚುನಾವಣೆ ಗೆದ್ದವರಿಗೆ ಅಷ್ಟು ಸಾಕು. ಹೆಗಲ ಮೇಲೆ ಕೈಯಿಟ್ಟರು. "ತಗೊಳ್ಳಿ. ಸಿಕ್ಕಿದ್ದನ್ನ ತಗೊಳ್ಳಿ. ನಾನಾಗಿದ್ರೂ ತಗೋತಿದ್ದೆ. ನಮ್ಮ ಹಾಲಿನೋರು ಏನ್ ಮಾಡ್ತಾರೆ ಗೊತ್ತಾ? ಒಡೆದ ಹಾಲಲ್ಲಿ ಸಿಹಿ ಮಾಡ್ತಾರೆ. ಚೆನ್ನಾಗಿರುತ್ತೆ. ಒಂದ್ಸಲ ತಂದ್ಕೊಡ್ತೀನಿ." ಅವರು ಬೈದಿದ್ದರೂ ಚೆನ್ನಾಗಿತ್ತು. ತನ್ನ ಬದುಕಿನಲ್ಲಿ ಬೈಯಬೇಕಾದವರು ಯಾರೂ ಸರಿಯಾದ ಹೊತ್ತಿಗೆ ಬೈಯಲಿಲ್ಲ ಎಂದು ವಾಮನನಿಗೆ ಅನ್ನಿಸಿತು.

ಸಂಜೆ ಅವನೇ ಆತ್ಯಾಗೆ ಫೋನು ಮಾಡಿದ. ಸುದ್ದಿ ಹೇಳಿದ. ಆ ಕಡೆ "ಗಾಡಿ ನಿಲ್ತದಂತವ್ವೋ!" ಎಂದು ಆತ್ಯಾ ಕೇರಿಗೆಲ್ಲ ಕೂಗಿದ್ದು ಕೇಳಿತು. ಯಾರೋ ತಾಟು ಬಡಿದರು. ನಾಯಿಗಳೂ ಸೇರಿಕೊಂಡವು. ಅವನ ಕಣ್ಣು ಒದ್ದೆಯಾಯಿತು. ಇಷ್ಟಕ್ಕೇ ಫೋನು ಇಟ್ಟುಬಿಡಬೇಕಾಗಿತ್ತು.

"ಲೇ ವಾಮ್ಯಾ," ಎಂದಳು ಆತ್ಯಾ ಮತ್ತೆ ಫೋನಿಗೆ ಬಂದು. "ಆ ಮಂದಿ ಊರ ಹೆಸರು ಒದರಿದ್ರಲ್ಲ ಟೀವ್ಯಾಗ, ಅವರದೇನಾತು? ಒಬ್ಬಾಕಿ ಎದ್ದು ನಿಂತಿದ್ಲು ನೋಡು, ಮೀನಿನ ಊರ ಹೆಸರಿದ್ದಂಗಿತ್ತು."

"ಅವರದ್ದು... ಆಮ್ಯಾಲೆ ಆಗ್ತದ."

"ಆಮ್ಯಾಲೆ ಅಂದ್ರ ನೀವು ದಿಲ್ಲಿಯವರು ಹೇಳೂ ಆಮ್ಯಾಲೇನೋ, ಖರೇ ಆಮ್ಯಾಲೇನೋ?"

ಅವನು ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದ.

"ಹೋಗ್ಲಿ ಬಿಡು. ನಮ್ಮದರ ಆತಲ್ಲ," ಎಂದಳು ಆತ್ಯಾ. ಅವಳ ದನಿಯಲ್ಲಿ ಸಂತೋಷಕ್ಕೇನೂ ಕಡಿಮೆ ಇರಲಿಲ್ಲ. ಆದರೆ ಆ 'ಹೋಗ್ಲಿ ಬಿಡು' ಎಷ್ಟು ಸಲೀಸಾಗಿ ಬಂತೆಂದರೆ, ಅವನಿಗೆ ಗೊತ್ತಾಯಿತು, ಅದು ಬಹಳ ಸಲ ಬಳಸಿ ಸವೆದ ಮಾತು.

ಮರುದಿನ ಚರ್ಚೆಯಲ್ಲಿ ಭಾರ್ಗವ ಅವನ ಕಡೆ ಬೆರಳು ತೋರಿಸಿದಾಗ ಅವನು ಎದ್ದ. ಯಾವ ತಯಾರಿಯೂ ಇರಲಿಲ್ಲ. ಹೇಳಬೇಕಾದ ಎರಡು ಮಾತು ಭಾರ್ಗವರೇ ಹೇಳಿಕೊಟ್ಟಿದ್ದರು. ದೀಪ ಹೊತ್ತಿತು. "ಮಾನ್ಯ ಸಭಾಧ್ಯಕ್ಷರೇ, ನನ್ನಂಥ ಚಿಕ್ಕ ಕಾರ್ಯಕರ್ತನಿಗೆ ಅವಕಾಶ ಕೊಟ್ಟಿದ್ದಕ್ಕೆ ಆಭಾರಿ." ಆಹಾ, ನಾಲಗೆ ಹಳೆಯ ದಾರಿಗೆ ಎಷ್ಟು ಹಿತವಾಗಿ ಬಿತ್ತು! ಭಾರ್ಗವರ ಮುಖ ಅರಳಿತು. ಎದುರುಗಡೆಯವರು "ಓಹೋ" ಎಂದು ಹಿಂದಕ್ಕೆ ಒರಗಿದರು. ನಿನ್ನೆ ಅವನಿಗಾಗಿ ಮೇಜು ಕುಟ್ಟಿದ ಪೆದ್ದವಾಗಿನ ಮನುಷ್ಯ ಮೊಬೈಲು ಹೊರತೆಗೆದ. "ತೊಂಡೋಳಿಯ ತಾಯಂದಿರ ಮಾತು ಕೇಳಿ ಒಂದೇ ದಿನದಲ್ಲಿ ಗಾಡಿ ನಿಲ್ಲಿಸಲು ಒಪ್ಪಿದ ರೈಲ್ವೆ ಮಂತ್ರಿಗಳಿಗೆ ಆಭಾರಿ." ಪಕ್ಷದವರು ಮೇಜು ಕುಟ್ಟಿದರು. ಮಂತ್ರಿಗಳು ಅರ್ಧ ತಿರುಗಿ ಮುಗುಳ್ನಕ್ಕರು. ಈಗ ಎರಡನೆಯ ಮಾತು ಹೇಳಿ ಕೂರಬೇಕು: ಇನ್ನು ಗಲಾಟೆಗೆ ಕಾರಣವಿಲ್ಲ. ಪಕ್ಕದಲ್ಲಿ ಗೋದಾರಾಜೀ ಕಣ್ಣು ಮುಚ್ಚಿಕೊಂಡು ಕೂತಿದ್ದರು, ತಮ್ಮ ಪಾಲಿನ ಮೇಜನ್ನು ನಿಯತ್ತಾಗಿ ಕುಟ್ಟುತ್ತ. ವಾಮನ ಬಾಯಿ ತೆರೆದ. ಆದರೆ ನಾಲಗೆ ಧನ್ಯವಾದದ ದಾರಿಯಲ್ಲಿ ಬಿದ್ದಿತ್ತಲ್ಲ, ಇಳಿಜಾರಿನ ಗಾಡಿಯಂತೆ ಅದು ಯಾರ ಮಾತೂ ಕೇಳಲಿಲ್ಲ. "ಹಾಗೆಯೇ, ಢಾಣಿಸರದ ಹಾಲಿನವರ ಕಷ್ಟ ಕೇಳಿ ಮನಕರಗಿದ ಮಂತ್ರಿಗಳಿಗೆ, ಆ ಗಾಡಿಯನ್ನೂ ನಿಲ್ಲಿಸಲಿರುವುದಕ್ಕೆ, ಮುಂಚಿತವಾಗಿ ಆಭಾರಿ."

ಪಕ್ಷದವರು ಮೇಜು ಕುಟ್ಟಿದರು. ಮಂತ್ರಿಗಳಿಗೆ ಧನ್ಯವಾದ ಹೇಳಿದಾಗ ಕುಟ್ಟದಿರುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಗೋದಾರಾಜೀಯವರ ಕೈ ಮಾತ್ರ ಮೇಜಿನ ಮೇಲೆಯೇ ಉಳಿಯಿತು, ಕಣ್ಣು ತೆರೆದುಕೊಂಡವು. ತಾನೇನು ಹೇಳಿದೆನೆಂದು ವಾಮನನಿಗೂ ಆಗಲೇ ತಿಳಿದದ್ದು. ನಿಲ್ಲಿಸಬೇಕು ಅನ್ನಿಸಿತು, ನಿಲ್ಲಿಸಿದರೆ ಇನ್ನೂ ಕೇಡು ಅನ್ನಿಸಿತು. ಇದು ಧೈರ್ಯವೋ ಬರೀ ಚಟವೋ? ಯೋಚಿಸಲು ಹೊತ್ತಿರಲಿಲ್ಲ, ಮುಂದಿನ ಹೆಸರು ಬಾಯಿಗೆ ಬಂದಾಗಿತ್ತು. "ಮಾಛೀಟೋಲಾದ ಅಕ್ಕತಂಗಿಯರ ಪರವಾಗಿ ಆಭಾರಿ. ಎರಡು ವರ್ಷ ಕಾದರೂ ಅವರು ಮಂತ್ರಿಗಳ ಮೇಲಿನ ನಂಬಿಕೆ ಬಿಟ್ಟಿಲ್ಲ." ಢಬ ಢಬ ಢಬ. "ತೆಲ್ಕಿಬಹಾಲದ ಜನರ ಪರವಾಗಿ." ಈ ಸಲ ಎದುರುಗಡೆಯಿಂದಲೂ ಢಬ ಢಬ. ಪೆದ್ದವಾಗಿನ ಮನುಷ್ಯ ಮೊಬೈಲು ಎಸೆದು ಎದ್ದುನಿಂತು, ತನ್ನ ಹುಟ್ಟಿನಲ್ಲೇ ಮೊದಲ ಬಾರಿ, ಆಳುವ ಪಕ್ಷದ ಮಂತ್ರಿಗೆ ಕೈ ಮುಗಿದು, "ನಮ್ಮ ಪೆದ್ದವಾಗಿನ ಪರವಾಗಿಯೂ, ಸ್ವಾಮೀ! ಬಹಳ ಉಪಕಾರ ಆಯ್ತು!" ಎಂದು ಗುಡುಗಿದ.

ಭಾರ್ಗವ ಎರಡೂ ಕೈಯಿಂದ ಸಾಕು ಸಾಕು ಎಂದು ಸನ್ನೆ ಮಾಡುತ್ತಿದ್ದರು. ಆದರೆ ಯಾವ ನಿಯಮದ ಮೇಲೆ ತಡೆಯುವುದು? ಸರ್ಕಾರವನ್ನು ಹೊಗಳುತ್ತಿರುವವನನ್ನು ಕೂರಿಸಿ ಎಂದು ಸಭಾಧ್ಯಕ್ಷರನ್ನು ಕೇಳಲು ಬರುತ್ತದೆಯೇ? ಸಭಾಧ್ಯಕ್ಷರು ಗಡಿಯಾರ ನೋಡಿದರು, ವಾಮನನನ್ನು ನೋಡಿದರು, ಕನ್ನಡಕ ತೆಗೆದು ನಿಧಾನವಾಗಿ ಒರೆಸತೊಡಗಿದರು. ಕೆಂಪು ದೀಪ ಉರಿಯುತ್ತಲೇ ಇತ್ತು. ಹೆಸರುಗಳು ಈಗ ಎರಡೂ ಕಡೆಯಿಂದ ಬರುತ್ತಿದ್ದವು. ಕೂಗಲ್ಲ, ಮದುವೆಮನೆಯಲ್ಲಿ ಉಡುಗೊರೆ ಕೊಟ್ಟವರ ಹೆಸರು ಹೇಳುವಂಥ ಮರ್ಯಾದೆಯ ದನಿ. ಒಂದೊಂದು ಊರು ಬಂದಂತೆ ವಾಮನ ಅದನ್ನು ಎತ್ತಿಕೊಂಡು ಮಂತ್ರಿಗಳ ಮುಂದೆ ಇಳಿಸುತ್ತ ಹೋದ. ನಾಳೆ ತನ್ನ ಗತಿ ಏನೋ, ಪಕ್ಷ ಮುಂದಿನ ಸಲ ಟಿಕೆಟು ಕೊಡುತ್ತದೋ ಇಲ್ಲವೋ, ಕೊಟ್ಟ ತೊಂಡೋಳಿಯನ್ನೇ ಕಿತ್ತುಕೊಂಡರೆ ಆತ್ಯಾಗೆ ಏನು ಹೇಳುವುದು, ಇವೆಲ್ಲ ಒಳಗೆ ಒಂದರ ಮೇಲೊಂದು ಬೀಳುತ್ತಿದ್ದರೂ ದನಿ ಮಾತ್ರ ಮೀನು ಪೇಟೆಯಲ್ಲಿ ಕೂತವರ ದನಿಯಂತೆ ಗಟ್ಟಿಯಾಗುತ್ತ, ಸಲೀಸಾಗುತ್ತ ಹೋಯಿತು.

ಮುಂದಿನ ಸಾಲಿನ ಕತ್ತು ಕೆಂಪಾಗಿತ್ತು. ಕೊನೆಗೆ ಮಂತ್ರಿಗಳು ಎದ್ದರು. ಕೋಟಿನ ಗುಂಡಿ ಹಾಕಿಕೊಂಡರು. ಇಡೀ ಸದನ ಅವರ ಕಡೆ ನೋಡಿತು. ಎಲ್ಲ ಕ್ಯಾಮರಾಗಳೂ ನೋಡಿದವು. ನಾನು ಹಾಗೆ ಒಪ್ಪಿಲ್ಲ ಎನ್ನಬಹುದಿತ್ತು. ಬಾಯಿ ತೆರೆದರು ಕೂಡ. ಆದರೆ ಎರಡೂ ಕಡೆಯ ಬೆಂಚುಗಳಿಂದ, ಹಿಂದಿನ ಸಾಲುಗಳಿಂದ, ಇಷ್ಟು ವರ್ಷದ ರಾಜಕೀಯದಲ್ಲಿ ಒಟ್ಟಿಗೆ ಒಮ್ಮೆಯೂ ಸಿಕ್ಕಿರದಷ್ಟು ಧನ್ಯವಾದ ಅವರ ಮೇಲೆ ಬೀಳುತ್ತಿತ್ತು. ಸಿಗುತ್ತಿರುವ ಧನ್ಯವಾದವನ್ನು ಬೇಡ ಎನ್ನುವ ಮಂತ್ರಿ ಇನ್ನೂ ಹುಟ್ಟಿರಲಿಲ್ಲ. ಅವರು ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಕೊನೆಗೆ ಹಿಂದೆ ತಿರುಗಿ ವಾಮನ ಖೋಬ್ರೇಕರನ ಕಣ್ಣಲ್ಲಿ ಕಣ್ಣಿಟ್ಟು, ಕೈ ಮುಗಿದರು.